ಶುಕ್ರವಾರ ಸಂಜೆ ಪುಣೆಯಿಂದ ಎಲ್ಲಿಗೆ? ಊರೋ, ಘಟ್ಟವೋ, ಕಡಲೋ, ಮನೆಯೋ

ಪುಣೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಕನ್ನಡದ ಮನೆಗಳಲ್ಲಿ ವೀಕೆಂಡಿಗೆ ಹಕ್ಕುದಾರರು ಜಾಸ್ತಿ. ಅತ್ತೆ-ಮಾವ ಒಂದು ಊರಲ್ಲಿ, ಅಪ್ಪ-ಅವ್ವ ಇನ್ನೊಂದು ಊರಲ್ಲಿ. ಆಫೀಸಿನ ಗೆಳೆಯರದ್ದು ಒಂದು ಪ್ಲಾನು. ವಾರವೆಲ್ಲ ಹಿಂಜವಡಿ ಐಟಿ ಪಾರ್ಕಿನ ಟ್ರಾಫಿಕ್ಕಿನಲ್ಲಿ ನಜ್ಜುಗುಜ್ಜಾದ ಮೈಯದ್ದು ಇನ್ನೊಂದು ಬೇಡಿಕೆ. ಇಷ್ಟರ ನಡುವೆ, ಹೊಸದಾಗಿ ಸಂಸಾರ ಹೂಡಿದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ಕೂತು ಮಾತಾಡಲಿಕ್ಕೂ ಹೊತ್ತು ಬೇಕಲ್ವಾ?

ಹಾಗಾಗಿ ಎಲ್ಲಿಗೆ ಹೋಗೋಣ ಅನ್ನುವ ಮುಂಚೆ, ಈ ಸಲದ ಎರಡು ದಿನ ಯಾರಿಗೆ ಅಂತ ತೀರ್ಮಾನ ಮಾಡಿಕೊಳ್ಳಿ. ಹಿರಿಯರಿಗೋ, ನಿಮ್ಮಿಬ್ಬರಿಗೋ, ದಣಿದ ಮೈಗೋ? ಮೂರನ್ನೂ ಒಂದೇ ವೀಕೆಂಡಿನಲ್ಲಿ ಮುಗಿಸಲು ಹೋದರೆ ಮೂವರಿಗೂ ಸಮಾಧಾನ ಇರುವುದಿಲ್ಲ. ಅದು ಗೊತ್ತಾದ ಮೇಲೆ ಗಂಟೆ ಲೆಕ್ಕ ಹಾಕಿ. ಶುಕ್ರವಾರ ಸಂಜೆ 7ಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರ ಬೆಳಗ್ಗೆ 9ರ ತನಕ 62 ಗಂಟೆ. ಮೂರು ರಾತ್ರಿಯ ನಿದ್ದೆ ಕಳೆದರೆ 40ರ ಆಸುಪಾಸು ಉಳಿಯುತ್ತದೆ. ಆ 40ರಲ್ಲಿ ಎಷ್ಟು ದಾರಿಗೆ, ಎಷ್ಟು ಜನಕ್ಕೆ? ಕಿಲೋಮೀಟರ್ ನೋಡಿ ಊರು ಆರಿಸುವುದಕ್ಕಿಂತ ಈ ಲೆಕ್ಕ ಒಳ್ಳೆಯದು.

ಊರಿಗೆ ಹೋಗುವುದಾದರೆ

ಮೊದಲು ಊರಿನ ಮಾತೇ ಆಡೋಣ. ಪುಣೆಯಲ್ಲಿರುವ ಉತ್ತರ ಕರ್ನಾಟಕದವರಿಗೆ ಊರು ತುಂಬಾ ದೂರ ಅಲ್ಲ, ಹತ್ತಿರವೂ ಅಲ್ಲ. ಬೆಂಗಳೂರಿನಲ್ಲಿದ್ದವರಂತೆ "ದೀಪಾವಳಿಗೆ ಬರ್ತೀವಿ" ಅಂದು ಕೂರಲು ಆಗುವುದಿಲ್ಲ. ಫೋನಿನಲ್ಲಿ ಅವ್ವ "ಯಾವಾಗ ಬರ್ತೀಯವಾ? ರಾತ್ರಿ ಕುಂತ್ರ ಮುಂಜಾನೆ ಮನ್ಯಾಗ ಇರ್ತೀ" ಅಂತಾಳೆ. ಅದು ನಿಜವೂ ಹೌದು.

ನಮ್ಮ ಕಡೆಗೆ ದಾರಿ ಎರಡು. ಒಂದು ಸಾತಾರಾ, ಕರಾಡ, ಕೊಲ್ಲಾಪುರ, ನಿಪ್ಪಾಣಿ ಮೇಲೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಇನ್ನೊಂದು ಸೊಲ್ಲಾಪುರದ ಮೇಲೆ ವಿಜಯಪುರ, ಕಲಬುರಗಿ. ನಮ್ಮ ಮನೆಗೆ ಎರಡೂ ಬೇಕು. ಇವರ ಊರು ಧಾರವಾಡ, ನನ್ನ ತವರು ವಿಜಯಪುರ.

ಬೆಳಗಾವಿ ದಾರಿಯಲ್ಲಿ ಕಾರು ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಬೆಳಗಾವಿಗೆ ಸುಮಾರು 340 ಕಿ.ಮೀ., ಧಾರವಾಡಕ್ಕೆ 400ರ ಮೇಲೆ. ಹೆದ್ದಾರಿಯೇ, ಆದರೆ ಸಾತಾರಾದಿಂದ ಕಾಗಲ್‌ವರೆಗೆ ರಸ್ತೆ ಅಗಲ ಮಾಡುವ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಅಲ್ಲಲ್ಲಿ ಪಕ್ಕದ ರಸ್ತೆಗೆ ಇಳಿಯಬೇಕು. ರಾತ್ರಿ ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುವಾಗ ಆ ತಿರುವು ಕಾಣುವುದು ಕಷ್ಟ. ಖೇಡ್ ಶಿವಾಪುರ ಟೋಲ್ ದಾಟುವಷ್ಟರಲ್ಲೇ ಶುಕ್ರವಾರದ ಅರ್ಧ ರಾತ್ರಿ ಕಳೆದಿರುತ್ತದೆ. ಆಮೇಲೆ ಖಂಬಾಟಕಿ ಘಾಟಿನ ಲಾರಿ ಸಾಲು. ಇಡೀ ದಿನ ಸ್ಕ್ರೀನ್ ನೋಡಿದ ಕಣ್ಣು ರಾತ್ರಿ ಏಳು ಗಂಟೆ ರಸ್ತೆ ನೋಡಬಾರದು. ಕಾರೇ ಬೇಕೆಂದರೆ ಮಲಗಿ, ಶನಿವಾರ ನಸುಕಿನ 4ಕ್ಕೆ ಎದ್ದು ಹೊರಡಿ. ಶುಕ್ರವಾರ ರಾತ್ರಿ ಮಾತ್ರ ಬೇಡ. ಇದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಬಸ್ಸು ಹೇಗೆ? ಸ್ಲೀಪರ್ ಸಿಕ್ಕರೆ ಒಳ್ಳೆಯದೇ. ಕರ್ನಾಟಕ ಸಾರಿಗೆಯ ಬಸ್ಸುಗಳು ಸ್ವಾರ್ಗೇಟ್‌ನಿಂದ ಹೊರಡುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಮೆಟ್ರೊ ಸ್ವಾರ್ಗೇಟ್‌ವರೆಗೆ ಬಂದ ಮೇಲೆ ಪಿಂಪ್ರಿ ಕಡೆಯವರಿಗೆ ಶುಕ್ರವಾರ ಸಂಜೆಯ ದೊಡ್ಡ ತಲೆನೋವು ಇಳಿದಿದೆ. ಬ್ಯಾಗ್ ಹೊತ್ತು ಆಟೊದಲ್ಲಿ ಕೂತು ಗಡಿಯಾರ ನೋಡುವ ಕಷ್ಟ ಇಲ್ಲ. ಖಾಸಗಿ ಬಸ್ಸಾದರೆ ವಾಕಡ್, ಚಾಂದಣಿ ಚೌಕ್, ನವಲೆ ಬ್ರಿಜ್ ಹತ್ತಿರವೂ ಹತ್ತಿಸಿಕೊಳ್ಳುತ್ತವೆ. ಮನೆಗೆ ಹತ್ತಿರದ್ದನ್ನೇ ಆರಿಸಿ. ಒಂದು ಎಚ್ಚರಿಕೆ ಇದೆ. ಗಡಿ ವಿಷಯದಲ್ಲಿ ಗಲಾಟೆ ಎದ್ದರೆ ಎರಡೂ ಕಡೆಯ ಸರ್ಕಾರಿ ಬಸ್ಸು ನಿಲ್ಲುತ್ತವೆ. 2022ರ ಡಿಸೆಂಬರ್‌ನಲ್ಲೂ ಹೀಗಾಯಿತು, 2025ರ ಫೆಬ್ರವರಿಯಲ್ಲೂ ಆಯಿತು. ಅಂಥ ದಿನ ರೈಲೇ ದಿಕ್ಕು.

ರೈಲಿನಲ್ಲಿ ಒಂದು ಸ್ವಾರಸ್ಯ ಇದೆ. ಪುಣೆ-ಹುಬ್ಬಳ್ಳಿ ವಂದೇ ಭಾರತ್ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ನಮ್ಮವರೆಲ್ಲ ಕುಣಿದಾಡಿದರು. ಆದರೆ ಅದರ ವೇಳೆ ನೋಡಿ. ಪುಣೆಯಿಂದ ಗುರುವಾರ, ಶನಿವಾರ, ಸೋಮವಾರ ಮಧ್ಯಾಹ್ನ ಹೊರಡುತ್ತದೆ. ಹುಬ್ಬಳ್ಳಿಯಿಂದ ಬುಧವಾರ, ಶುಕ್ರವಾರ, ಭಾನುವಾರ ಬೆಳಗಿನ ಜಾವ. ಶನಿವಾರ ಮಧ್ಯಾಹ್ನ ಹತ್ತಿದರೆ ಧಾರವಾಡ ಮುಟ್ಟುವಾಗ ರಾತ್ರಿ 10 ದಾಟಿರುತ್ತದೆ. ಭಾನುವಾರ ಅದೇ ಗಾಡಿಗೆ ವಾಪಸ್ ಬರಬೇಕೆಂದರೆ ಕೋಳಿ ಕೂಗುವ ಮುಂಚೆ ಸ್ಟೇಷನ್ನಿನಲ್ಲಿರಬೇಕು. ಅತ್ತೆ ಹಚ್ಚಿದ ರೊಟ್ಟಿ ತಿನ್ನಲಿಕ್ಕೂ ಪುರಸೊತ್ತಿಲ್ಲ. ಪುಣೆಯಲ್ಲಿ ಕೆಲಸ ಮಾಡುವವರ ವೀಕೆಂಡಿಗೆ ಈ ಗಾಡಿ ಹೊಂದುವುದಿಲ್ಲ. ಅದೇ ಗಾಡಿಯನ್ನು ಹಿರಿಯರ ಕಡೆಯಿಂದ ನೋಡಿ. ಶುಕ್ರವಾರ ನಸುಕಿಗೆ ಹುಬ್ಬಳ್ಳಿಯಲ್ಲಿ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪುಣೆ. ಶನಿವಾರ, ಭಾನುವಾರ ಮಕ್ಕಳ ಜೊತೆ. ಸೋಮವಾರ ಮಧ್ಯಾಹ್ನ ಹತ್ತಿದರೆ ರಾತ್ರಿ ಮನೆ. ಅವರಿಗೆ ಅಂತಲೇ ಮಾಡಿದ ಹಾಗಿದೆ. ಟಿಕೆಟ್ ತೆಗೆಯುವ ಮುಂಚೆ ಈಗಿನ ವೇಳೆ ಒಮ್ಮೆ ನೋಡಿಕೊಂಡರೆ ಸಾಕು.

ನಾವು ಹೋಗಲು ರಾತ್ರಿ ಗಾಡಿಗಳೇ ಒಳ್ಳೆಯವು. ಧಾರವಾಡ ಕಡೆಗೆ ದಾದರ್-ಹುಬ್ಬಳ್ಳಿ ಎಕ್ಸ್‌ಪ್ರೆಸ್ ಇದೆ. ವಿಜಯಪುರ, ಬಾಗಲಕೋಟೆ ಕಡೆಗೆ ಮುಂಬೈಯಿಂದ ಗದಗ, ಹೊಸಪೇಟೆಗೆ ಹೋಗುವ ಗಾಡಿ. ಕಲಬುರಗಿಗೆ ಹುಸೇನ್‌ಸಾಗರ್. ಎಲ್ಲವೂ ಮುಂಬೈ ಕಡೆಯಿಂದ ಬರುವುದರಿಂದ ಪುಣೆಗೆ ಬರುವುದು ನಡುರಾತ್ರಿಯ ಹೊತ್ತು. ಟಿಕೆಟ್ ತೆಗೆಯುವಾಗ ತಾರೀಖನ್ನು ಎರಡು ಸಲ ನೋಡಿ. ಗಾಡಿ ಪುಣೆಗೆ ರಾತ್ರಿ 12 ದಾಟಿ ಬಂದರೆ ಶುಕ್ರವಾರ ರಾತ್ರಿಯ ಪ್ರಯಾಣಕ್ಕೆ ಶನಿವಾರದ ಟಿಕೆಟ್ ಬೇಕು.

ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ ಕಡೆಯವರು ಮಾತ್ರ ಪುಣ್ಯವಂತರು. 2023ರ ಫೆಬ್ರವರಿಯಿಂದ ಓಡುತ್ತಿರುವ ಮುಂಬೈ-ಸೊಲ್ಲಾಪುರ ವಂದೇ ಭಾರತ್ ಸಂಜೆ 7ರ ಸುಮಾರಿಗೆ ಪುಣೆಗೆ ಬರುತ್ತದೆ, ರಾತ್ರಿ 11ರೊಳಗೆ ಸೊಲ್ಲಾಪುರ. ವಾಪಸ್ ಬರುವಾಗ ಬೆಳಗ್ಗೆ 6ರ ಸುಮಾರಿಗೆ ಸೊಲ್ಲಾಪುರ ಬಿಟ್ಟು 9ರ ಸುಮಾರಿಗೆ ಪುಣೆ. ಭಾನುವಾರ ರಾತ್ರಿಯೂ ಅವ್ವನ ಮನೆಯಲ್ಲೇ ಮಲಗಿ ಸೋಮವಾರ ನೇರ ಆಫೀಸಿಗೆ ಹೋಗಬಹುದು. ಪುಣೆಯಿಂದ ಸಂಜೆ ಹೊರಡುವ ಹುತಾತ್ಮಾ ಎಕ್ಸ್‌ಪ್ರೆಸ್ ಕೂಡ ಹೀಗೇ ಅನುಕೂಲ, ದರವೂ ಕಡಿಮೆ.

ಊರಿಗೆ ಹೋಗುವುದನ್ನು ವಿಶ್ರಾಂತಿ ಅಂತ ಮಾತ್ರ ಲೆಕ್ಕ ಹಾಕಬೇಡಿ. ಹೋಗಿ ಮುಟ್ಟುತ್ತಲೇ "ಬಂದೀರಂತ ಗೊತ್ತಾದ್ರ ಕಾಕಾ ಸಿಟ್ಟಾಗ್ತಾರ, ಒಂದ್ ಗಳಗಿ ಹೋಗಿ ಬರ್ರಿ" ಅನ್ನುವ ಮಾತು ಬರುತ್ತದೆ. ಒಂದು ಗಳಿಗೆ ಅಂದರೆ ಅವಲಕ್ಕಿ, ಚಹಾ, ಹಳೇ ಫೋಟೋ ಎಲ್ಲ ಸೇರಿ ಎರಡು ತಾಸು. ನನಗೆ ಇದು ಬೇಕು. ಬೇಕು ಅಂತಲೇ ಹೋಗುತ್ತೇನೆ. ಆದರೆ ವಾರವೆಲ್ಲ ಸುಸ್ತಾಗಿದ್ದರೆ, ನಿದ್ದೆ ಮಾಡಬೇಕೆಂದಿದ್ದರೆ, ಆ ವಾರ ಊರು ಬೇಡ. ಎರಡೂ ಊರನ್ನು ಒಂದೇ ವೀಕೆಂಡಿನಲ್ಲಿ ಮುಗಿಸುವ ಯೋಚನೆಯಂತೂ ಬೇಡವೇ ಬೇಡ. ಧಾರವಾಡ-ವಿಜಯಪುರ ಮಧ್ಯೆಯೇ 200 ಕಿ.ಮೀ. ಹತ್ತಿರ ಇದೆ. ಹಬ್ಬ ಹಂಚಿಕೊಳ್ಳಿ. ನಮ್ಮಲ್ಲಿ ಪಂಚಮಿಗೆ ತವರು, ಉಂಡಿ ತಿಂದು ಜೋಕಾಲಿ ಆಡಿ ಬರುವುದು. ದೀಪಾವಳಿಗೆ ಧಾರವಾಡ. ಇದು ವರ್ಷದ ಮೊದಲೇ ತೀರ್ಮಾನವಾದರೆ ಯಾರ ಮುಖವೂ ಸಣ್ಣಗಾಗುವುದಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ. ಹಬ್ಬದಿಂದ ಹಿಂದಕ್ಕೆ 60 ದಿನ ಎಣಿಸಿ ಫೋನಿನಲ್ಲಿ ಅಲಾರಂ ಇಡಿ.

ನಡುದಾರಿಯಲ್ಲಿ ಸೇರುವುದು

ಇದು ನನಗೆ ತುಂಬಾ ಇಷ್ಟದ ದಾರಿ, ಜನ ಇದನ್ನು ಯೋಚಿಸುವುದೇ ಕಡಿಮೆ. ನಾವು ಅಷ್ಟು ದೂರ ಹೋಗುವ ಬದಲು, ಹಿರಿಯರು ಅಷ್ಟು ದೂರ ಬರುವ ಬದಲು, ಇಬ್ಬರೂ ಅರ್ಧ ದಾರಿ ಬರುವುದು.

ಧಾರವಾಡ, ಬೆಳಗಾವಿಯವರಿಗೆ ಆ ಜಾಗ ಕೊಲ್ಲಾಪುರ. ಪುಣೆಯಿಂದ ಸುಮಾರು 230 ಕಿ.ಮೀ., ಬೆಳಗಾವಿಯಿಂದ 110. ಮಹಾಲಕ್ಷ್ಮಿ ನಮ್ಮ ಕಡೆಯ ಎಷ್ಟೋ ಮನೆಗಳ ಕುಲದೇವತೆ, ಅತ್ತೆ-ಮಾವ ಬರಲು ಬೇರೆ ಕಾರಣ ಬೇಡ. ಕನ್ನಡದಲ್ಲಿ ಮಾತಾಡಿದರೂ ಅಂಗಡಿಯವರಿಗೆ ಅರ್ಥವಾಗುತ್ತದೆ. ಶನಿವಾರ ಮಧ್ಯಾಹ್ನದೊಳಗೆ ಎರಡೂ ಕಡೆಯವರು ಸೇರಬಹುದು. ಸಂಜೆ ದರ್ಶನ, ಆಮೇಲೆ ರಂಕಾಳ ಕೆರೆ ದಂಡೆ. ಯುವಕರಿಗೆ ತಾಂಬಡಾ-ಪಾಂಢರಾ ರಸ್ಸಾ ಅನ್ನುವ ಕೆಂಪು-ಬಿಳಿ ಮಾಂಸದ ಸಾರು, ಹಿರಿಯರಿಗೆ ಬೇರೆ ಕಡೆ ಸಸ್ಯಾಹಾರಿ ಊಟ. ಶುಕ್ರವಾರ, ಮಂಗಳವಾರ ಮತ್ತು ನವರಾತ್ರಿಯಲ್ಲಿ ಗುಡಿಯ ಸಾಲು ಉದ್ದ.

ಭಾನುವಾರ ಬೆಳಗ್ಗೆ ಎಲ್ಲರೂ ಪನ್ಹಾಳಕ್ಕೆ ಹೋಗುತ್ತಾರೆ. ಹತ್ತಿರ, ಗಾಳಿ ಚೆನ್ನ, 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮರಾಠಾ ಕೋಟೆಗಳಲ್ಲಿ ಅದೂ ಒಂದು. ಆದರೆ ನನ್ನ ಮಾತು ಕೇಳುವುದಾದರೆ ಖಿದ್ರಾಪುರಕ್ಕೆ ಹೋಗಿ. ಕೊಲ್ಲಾಪುರದಿಂದ ಸುಮಾರು 60 ಕಿ.ಮೀ., ಕೃಷ್ಣಾ ನದಿ ದಂಡೆಯ ಪುಟ್ಟ ಊರು, ಕರ್ನಾಟಕದ ಗಡಿಗೆ ಅಂಟಿಕೊಂಡಂತಿದೆ. ಅಲ್ಲಿನ ಕೋಪೇಶ್ವರ ದೇವಸ್ಥಾನ ಶಿಲಾಹಾರರ ಕಾಲದ್ದು, 12ನೇ ಶತಮಾನದ ಕೆಲಸ. ಹೊರಗೆ ಬಿಸಿಲು, ಧೂಳು. ಒಳಗೆ ಕಾಲಿಟ್ಟ ಕೂಡಲೇ ಸ್ವರ್ಗ ಮಂಟಪ. 48 ಕಂಬಗಳು, ನಡುವೆ ಮೇಲ್ಛಾವಣಿಯೇ ಇಲ್ಲದ ದುಂಡನೆ ಕಿಂಡಿ. ಅದರ ಕೆಳಗೆ ಅಷ್ಟೇ ಅಗಲದ ದುಂಡು ಕಲ್ಲಿನ ಹಾಸು. ಬಿಸಿಲು ಆ ಕಲ್ಲಿನ ಮೇಲೆ ಬಿದ್ದಿರುತ್ತದೆ, ಸುತ್ತಲಿನ ಕಂಬಗಳು ನೆರಳಿನಲ್ಲಿ ತಣ್ಣಗಿರುತ್ತವೆ. ಹೊರಗೋಡೆಯ ಬುಡದಲ್ಲಿ ಸಾಲು ಆನೆಗಳು ಗುಡಿಯನ್ನು ಹೊತ್ತಂತೆ ನಿಂತಿವೆ. ಇಲ್ಲಿ ನಂದಿ ಇಲ್ಲ. ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದೆ ಅಂತ ಊರವರು ಹೇಳುತ್ತಾರೆ. ಕನ್ನಡ ಶಾಸನಗಳೂ ಇವೆ. ಮಾವನವರಂಥ ಹಿರಿಯರನ್ನು ಕರೆದುಕೊಂಡು ಹೋದರೆ ಅಕ್ಷರ ಕೂಡಿಸಿ ಓದುತ್ತಾ ಅಲ್ಲೇ ನಿಂತುಬಿಡುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮಾತ್ರ ಆ ಕಡೆ ಹೋಗಬೇಡಿ.

ವಿಜಯಪುರ ಕಡೆಯವರಿಗೆ ನಡುದಾರಿ ಅಂದರೆ ಸೊಲ್ಲಾಪುರ. ವಿಜಯಪುರದಿಂದ 100 ಕಿ.ಮೀ. ಅಷ್ಟೇ, ಪುಣೆಯಿಂದ 250. ವಚನಕಾರ ಸಿದ್ಧರಾಮರ ಸೊನ್ನಲಿಗೆ ಇದೇ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯಲ್ಲಿ ಕೂತರೆ ಸುತ್ತಲೂ ಕನ್ನಡ ಕಿವಿಗೆ ಬೀಳುತ್ತದೆ. ಮರುದಿನ ತುಳಜಾಪುರವೋ ಅಕ್ಕಲಕೋಟೆಯೋ, ಹಿರಿಯರು ಹೇಳಿದ ಕಡೆ. ಪಂಢರಪುರವೂ ಒಳ್ಳೆಯ ನಡುದಾರಿಯೇ, ಆದರೆ ಆಷಾಢ ಏಕಾದಶಿಯ ಹಿಂದುಮುಂದಿನ ವಾರಗಳನ್ನು ಬಿಡಿ. ಆಗ ಪಾಲಖಿ ಸಾಗುವ ಸಾಸವಡ ದಾರಿಯೂ ಸೊಲ್ಲಾಪುರ ದಾರಿಯೂ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರದ್ದು.

ಖರ್ಚಿನ ಲೆಕ್ಕದಲ್ಲಿ ನಡುದಾರಿ ಊರಿಗಿಂತ ಜಾಸ್ತಿ, ಯಾಕೆಂದರೆ ಎರಡು ರೂಮು ಬೇಕು. ಆದರೆ ಅಲ್ಲಿ ಅತ್ತೆಗೆ ಅಡುಗೆಮನೆ ಇಲ್ಲ. ಅವರೂ ಎರಡು ದಿನ ಕೂತು ಉಣ್ಣುತ್ತಾರೆ. ಆ ರೂಮಿನ ಬಾಡಿಗೆ ಕೊಡುವುದು ಇದಕ್ಕೇ.

ಘಟ್ಟ: ಲೋಣಾವಳಾ, ಮಹಾಬಳೇಶ್ವರ

ನಿಮ್ಮಿಬ್ಬರಿಗಷ್ಟೇ ಅಂತ ಹೊರಡುವಾಗ ಮೊದಲು ಬಾಯಿಗೆ ಬರುವ ಹೆಸರು ಲೋಣಾವಳಾ. ಒಂದೇ ದಿನ ಇದ್ದರೆ ಇದೇ ಸರಿ. ಆದರೆ ಕಾರಿನಲ್ಲಿ ಅಲ್ಲ. ಪುಣೆಯಿಂದ ಲೋಣಾವಳಾ ಲೋಕಲ್ ಇದೆ, 64 ಕಿ.ಮೀ. ದಾರಿಗೆ ಒಂದೂವರೆ ಗಂಟೆಯೊಳಗೆ, ಕೆಲವೇ ರೂಪಾಯಿ. ಚಿಂಚವಡ, ಆಕುರ್ಡಿ ಕಡೆಯವರಿಗೆ ಇನ್ನೂ ಹತ್ತಿರ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಬಿಡುವುದಿಲ್ಲ, ಹಳೇ ಹೆದ್ದಾರಿಯೇ ಗತಿ.

ಲೋಣಾವಳಾವರೆಗೆ ಹೋಗಲೂ ಬೇಡಿ. ಅದಕ್ಕಿಂತ ಒಂದು ಸ್ಟೇಷನ್ ಮುಂಚೆ ಮಳವಲಿಯಲ್ಲಿ ಇಳಿಯಿರಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಭಾಜೆ ಗುಹೆಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಬೌದ್ಧರ ಚೈತ್ಯ, ಒಳಗೆ ಕಮಾನಿನ ಛಾವಣಿ. ಕಾಲಿಗೆ ಬಲ ಇದ್ದರೆ ಅಲ್ಲಿಂದ ಮುಂದೆ ಲೋಹಗಡ ಏರಬಹುದು. ಮೆಟ್ಟಿಲು ಚೆನ್ನಾಗಿವೆ. ತುದಿಯಲ್ಲಿ ಚೇಳಿನ ಕೊಂಡಿಯಂತೆ ಚಾಚಿಕೊಂಡ ಬಂಡೆಸಾಲು ಇದೆ, ವಿಂಚುಕಾಟಾ ಅನ್ನುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗಿ. ಸಂಜೆ ಲೋಕಲ್ ಹಿಡಿದರೆ ರಾತ್ರಿ ಊಟಕ್ಕೆ ಮನೆ, ಭಾನುವಾರ ಪೂರ್ತಿ ನಿಮ್ಮದು.

ಮಳೆಗಾಲದ ಭಾನುವಾರ ಮಾತ್ರ ಈ ಕಡೆ ತಲೆ ಹಾಕಬೇಡಿ. ಎಕ್ಸ್‌ಪ್ರೆಸ್‌ವೇಯಿಂದ ಭುಶಿ ಡ್ಯಾಮ್‌ವರೆಗೆ ಗಾಡಿಗಳ ಸಾಲು ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ನೀರಿನದು. 2024ರ ಜೂನ್ 30ರಂದು, ಭಾನುವಾರವೇ, ಭುಶಿ ಡ್ಯಾಮ್ ಹಿಂಭಾಗದ ಹರಿವಿನಲ್ಲಿ ಒಂದೇ ಮನೆತನದ ಐವರು ಕೊಚ್ಚಿಹೋದರು. ನೀರು ಮೊಣಕಾಲಷ್ಟು ಕಾಣುತ್ತದೆ, ಮೇಲೆ ಎಲ್ಲೋ ಮಳೆ ಬಿದ್ದರೆ ಕ್ಷಣದಲ್ಲಿ ಏರುತ್ತದೆ. ಫೋಟೋಕ್ಕಾಗಿ ಹರಿಯುವ ನೀರಿನ ಮಧ್ಯೆ ನಿಲ್ಲಬೇಡಿ, ಜೊತೆಗಿದ್ದವರನ್ನೂ ನಿಲ್ಲಲು ಬಿಡಬೇಡಿ.

ಮಹಾಬಳೇಶ್ವರ ಒಂದು ರಾತ್ರಿಯ ಜಾಗ ಅಲ್ಲ. 120 ಕಿ.ಮೀ. ಅನ್ನುವುದು ಕಾಗದದ ಮೇಲೆ. ಶನಿವಾರ ಬೆಳಗ್ಗೆ ಎಲ್ಲರೂ ಹೊರಟಾಗ ವಾಯಿ ದಾಟಿ ಪಸರಣಿ ಘಾಟ್ ಏರುವುದೇ ಒಂದು ಕೆಲಸ. ಎರಡು ರಾತ್ರಿ ಇಟ್ಟುಕೊಳ್ಳಿ, ಇಲ್ಲವೇ ವಾಯಿಯಲ್ಲೇ ಉಳಿಯಿರಿ. ಕೃಷ್ಣೆಯ ದಂಡೆ, ಢೋಲ್ಯಾ ಗಣಪತಿ, ಪಕ್ಕದ ಮೇಣವಲಿ ವಾಡೆ, ಬಾಡಿಗೆಯೂ ಮೇಲಿನಷ್ಟಿಲ್ಲ. ಮಹಾಬಳೇಶ್ವರದಲ್ಲಿ ಪಾಯಿಂಟ್‌ಗಳನ್ನು ಎಣಿಸಿ ಓಡಾಡುವುದಕ್ಕಿಂತ ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕೃಷ್ಣೆ ಹುಟ್ಟುವುದು ಇಲ್ಲಿ. ಕಲ್ಲಿನ ಹಸುವಿನ ಬಾಯಿಂದ ಸಣ್ಣಗೆ ಬೀಳುವ ಇದೇ ನೀರು ಮುಂದೆ ಆಲಮಟ್ಟಿಯಲ್ಲಿ ಸಮುದ್ರದಂತೆ ನಿಲ್ಲುತ್ತದೆ. ವಿಜಯಪುರದವಳಾಗಿ ನನಗೆ ಅಲ್ಲಿ ಕೈಯೊಡ್ಡಿ ನೀರು ಹಿಡಿಯದೆ ಬರಲು ಆಗುವುದಿಲ್ಲ. ಸ್ಟ್ರಾಬೆರಿ ಬೇಕೆಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜುಲೈ, ಆಗಸ್ಟ್‌ನಲ್ಲಿ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ, ಅಲ್ಲಿ ವರ್ಷಕ್ಕೆ 5,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ.

ಸಾತಾರಾ ಹತ್ತಿರದ ಕಾಸ್ ಪಠಾರ ಸೆಪ್ಟೆಂಬರ್‌ಗೆ ಮಾತ್ರ. ಹೂವು ನೋಡಲು ಆನ್‌ಲೈನ್ ಬುಕಿಂಗ್ ಬೇಕು, ಆದಷ್ಟು ವಾರದ ದಿನ ರಜೆ ಹಾಕಿ ಹೋಗಿ.

ಕೊಂಕಣವೋ ಗೋವಾವೋ

ಕಡಲು ಬೇಕು ಅನ್ನಿಸಿದಾಗ ಪುಣೆಯವರ ಮನಸ್ಸು ಮೊದಲು ಗೋವಾ ಕಡೆ ಓಡುತ್ತದೆ. ಎರಡು ದಿನಕ್ಕೆ ಗೋವಾ ಬೇಡ. ಸುಮಾರು 450 ಕಿ.ಮೀ., ಬಸ್ಸಿನಲ್ಲಿ ಒಂದು ಇಡೀ ರಾತ್ರಿ ಹೋಗಲಿಕ್ಕೆ, ಇನ್ನೊಂದು ಬರಲಿಕ್ಕೆ. ಸೋಮವಾರ ಬೆಳಗ್ಗೆ ಮೀಟಿಂಗ್‌ನಲ್ಲಿ ಕಣ್ಣು ತೆರೆದಿರುವುದಿಲ್ಲ.

ಎರಡು ರಾತ್ರಿಗೆ ದಿವೇಆಗರ, ಶ್ರೀವರ್ಧನ, ಹರಿಹರೇಶ್ವರ ಇವೆ. ಮುಳಶಿ, ತಾಮ್ಹಿಣಿ ಘಾಟ್ ಇಳಿದು ಮಾಣಗಾವ್ ಮೇಲೆ ಹೋದರೆ ಐದು ಗಂಟೆಯ ದಾರಿ. ಅಲಿಬಾಗ್‌ಗಿಂತ ಇವನ್ನು ನಾನು ಮೇಲೆ ಇಡುತ್ತೇನೆ. 2020ರಲ್ಲಿ ಮುಂಬೈ-ಮಾಂಡವಾ ರೋ-ರೋ ಹಡಗು ಶುರುವಾದ ಮೇಲೆ ಮುಂಬೈಯವರು ಕಾರು ಸಮೇತ ಅಲಿಬಾಗ್‌ಗೆ ಬಂದಿಳಿಯುತ್ತಾರೆ. ದಿವೇಆಗರದಲ್ಲಿ ಇನ್ನೂ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಉಳಿಯಬಹುದು. ಮೊದಲೇ ಹೇಳಿದರೆ ಮನೆಯವರು ಉಕಡೀಚೆ ಮೋದಕ ಮಾಡಿಕೊಡುತ್ತಾರೆ. ಮೀನು ತಿನ್ನುವವರಿಗೂ, ತಿನ್ನದವರಿಗೂ ಒಂದೇ ಬೀದಿಯಲ್ಲಿ ಊಟ. ಸೋಲಕಢಿ ಕುಡಿದಾಗ ಕಾರವಾರ, ಕುಮಟಾದವರಿಗೆ ಸ್ವಂತ ಊರಿನ ನೆನಪಾಗುತ್ತದೆ.

ಹರಿಹರೇಶ್ವರಕ್ಕೆ ಹೋಗುವವರು ಭರತ-ಇಳಿತದ ಸಮಯ ನೋಡಿಕೊಂಡು ಹೋಗಿ. ಗುಡಿಯ ಹಿಂದೆ ಬಂಡೆಗಳ ಮೇಲೆ ಪ್ರದಕ್ಷಿಣೆ ಹಾದಿ ಇದೆ. ಕಡಲು ಕೊರೆದು ಕೊರೆದು ಆ ಬಂಡೆಗಳಲ್ಲಿ ಜೇನುಗೂಡಿನಂಥ ಕಿಂಡಿಗಳಾಗಿವೆ. ಇಳಿತದ ಹೊತ್ತಿನಲ್ಲಿ ಮಾತ್ರ ಅಲ್ಲಿ ನಡೆಯಬಹುದು. ಭರತದಲ್ಲಿ ಅಲೆ ಅದೇ ಹಾದಿಯ ಮೇಲೆ ಬಡಿಯುತ್ತದೆ. ಗುಡಿಯ ಹತ್ತಿರ ಯಾರನ್ನು ಕೇಳಿದರೂ ಹೇಳುತ್ತಾರೆ, ಕೇಳದೆ ಇಳಿಯಬೇಡಿ. ಮುರುಡ-ಜಂಜೀರಾ ಸೇರಿಸುವ ಯೋಚನೆ ಇದ್ದರೆ ಮಳೆಗಾಲ ಬಿಟ್ಟು ಹೋಗಿ, ಆಗ ಕೋಟೆಗೆ ದೋಣಿ ಬಿಡುವುದಿಲ್ಲ. ಒಟ್ಟಿನಲ್ಲಿ ನವೆಂಬರ್‌ನಿಂದ ಫೆಬ್ರವರಿ ಇಡೀ ಕೊಂಕಣಕ್ಕೆ ಚೆಂದದ ಕಾಲ.

ಗೋವಾ ಆಸೆ ಬಿಡಬೇಕೆಂದು ಹೇಳುತ್ತಿಲ್ಲ. ಅದನ್ನು ಊರಿನ ಜೊತೆ ಸೇರಿಸಿ. ನಾಲ್ಕು ದಿನ ರಜೆ ಕೂಡಿ ಬಂದಾಗ ಬೆಳಗಾವಿ, ಧಾರವಾಡಕ್ಕೆ ಹೋಗಿ ಹಿರಿಯರ ಜೊತೆ ಇದ್ದು, ಅಲ್ಲಿಂದ ಚೋರ್ಲಾ ಘಾಟ್ ಮೇಲೆ ಪಣಜಿ. ಬೆಳಗಾವಿಯಿಂದ ನೂರು ಚಿಲ್ಲರೆ ಕಿ.ಮೀ. ರೈಲು ಇಷ್ಟಪಡುವವರಿಗೆ ಗೋವಾ ಎಕ್ಸ್‌ಪ್ರೆಸ್ ಪುಣೆಯಿಂದ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ದೂಧಸಾಗರದ ಪಕ್ಕದಲ್ಲೇ ಇಳಿದು ಹೋಗುತ್ತದೆ.

ಎಲ್ಲಿಗೂ ಹೋಗದ ವೀಕೆಂಡು

ಇದನ್ನೂ ಪ್ಲಾನ್ ಅಂತಲೇ ಇಟ್ಟುಕೊಳ್ಳಿ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದ್ದ ವಾರ, ಇಬ್ಬರಲ್ಲಿ ಒಬ್ಬರಿಗೆ ರಾತ್ರಿ ಪಾಳಿ ಇದ್ದ ವಾರ, ಬೇರೆ ಯಾವ ಜಾಗವೂ ಇದಕ್ಕೆ ಸಾಟಿಯಲ್ಲ. ಶನಿವಾರ ನಿದ್ದೆ. ಸಂಜೆ ಮಂಡಯಿಗೆ ಹೋಗಿ ವಾರದ ತರಕಾರಿ. ಜೋಳ ಕೊಳ್ಳುವಾಗ ಸುಮ್ನೆ ಜ್ವಾರಿ ಅನ್ನಬೇಡಿ, ಮಾಲದಂಡಿ ಕೇಳಿ. ಗಿರಣಿಯಲ್ಲಿ ಎದುರಿಗೇ ಹಿಟ್ಟು ಹಾಕಿಸಿಕೊಂಡರೆ ರೊಟ್ಟಿ ಊರಿನಂತೆಯೇ ಮೆತ್ತಗೆ ಬರುತ್ತದೆ.

ಭಾನುವಾರ ಮೈ ಕೈ ಆಡಿಸಬೇಕೆನಿಸಿದರೆ ಸಿಂಹಗಡ. ಬೆಳಗಿನ 6ಕ್ಕೆ ಬುಡದಲ್ಲಿದ್ದರೆ ಬಿಸಿಲೇರುವ ಮುಂಚೆ ಮೇಲಿರುತ್ತೀರಿ. ಬಾಗಿಲು ದಾಟಿದ ಮೇಲೆ ಗುಡಿಸಲುಗಳಲ್ಲಿ ಹೆಂಗಸರು ಒಲೆಯ ಮೇಲೆ ಭಾಕರಿ ಬಡಿಯುತ್ತಿರುತ್ತಾರೆ. ಜೊತೆಗೆ ನಮ್ಮ ಜುಣಕದಂಥದ್ದೇ ಪಿಠಲ, ಠೇಚಾ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. 10 ಗಂಟೆಯ ಮೇಲೆ ಕಾರಿನವರು ಬರಲು ಶುರು, ಅಷ್ಟರಲ್ಲಿ ಇಳಿದುಬಿಡಿ. ಮಳೆಗಾಲದಲ್ಲಿ ಬಂಡೆ ಉರುಳಿ ಘಾಟ್ ರಸ್ತೆ ಮುಚ್ಚುವುದುಂಟು. ಎರಂಡವಣೆ ಗಣೇಶನಗರದ ಪುಣೆ ಕನ್ನಡ ಸಂಘದಲ್ಲಿ ಏನಾದರೂ ಕಾರ್ಯಕ್ರಮ ಇದೆಯಾ ಅಂತಲೂ ನೋಡುತ್ತಿರಿ. ಕಿವಿ ತುಂಬ ಕನ್ನಡ ಕೇಳಿ ಬರಬಹುದು.

ಡಿಸೆಂಬರ್‌ನಲ್ಲಂತೂ ಒಂದು ವಾರಾಂತ್ಯ ಪುಣೆ ಬಿಡಲೇಬೇಡಿ. ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಆಗ. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ್ದು ಅದು. ನಮ್ಮ ಸೀಮೆಯ ಇಬ್ಬರ ಹೆಸರಿನಲ್ಲಿ ಪುಣೆಯವರು ಶಾಲು ಹೊದ್ದು ತಾಸುಗಟ್ಟಲೆ ಕೂತು ಹಾಡು ಕೇಳುವುದನ್ನು ಧಾರವಾಡದ ಹಿರಿಯರು ನೋಡಬೇಕು. ಹುಬ್ಬಳ್ಳಿ ವಂದೇ ಭಾರತ್ ಅವರಿಗೆ ಹೇಳಿ ಮಾಡಿಸಿದಂತಿದೆ ಅಂದೆನಲ್ಲ, ಶುಕ್ರವಾರದ ಗಾಡಿಗೆ ಅವರನ್ನು ಹತ್ತಿಸಿ, ಸೋಮವಾರದ ಗಾಡಿಗೆ ಕಳಿಸಿಕೊಡಿ. ತಾರೀಖು ಗೊತ್ತಾದ ದಿನವೇ ರೈಲಿನದ್ದು ಎರಡು, ಮಹೋತ್ಸವದ್ದು ನಾಲ್ಕು ಟಿಕೆಟ್ ತೆಗೆದಿಡಿ. ಶನಿವಾರದ ಕುರ್ಚಿಗಳು ಬೇಗ ಮುಗಿಯುತ್ತವೆ.